ಕಾರ್ಯದರ್ಶಿ ಆಗಿಬಿಟ್ಟಿರಾ? ಮೊದಲು ಆ ಚೀಲ ಬಿಚ್ಚಿ

ಭಾನುವಾರದ ಎರಡನೇ ಪೂಜೆ ಮುಗಿದಿದೆ. ಚರ್ಚ್ ಹಾಲ್‌ನಲ್ಲಿ ಸೇವಾ ಸಂಘದ ಮಹಾಸಭೆ. ಗೋಳಿಬಜೆ ತಣ್ಣಗಾಗುತ್ತಿದೆ. "ಮುಂದಿನ ಕಾರ್ಯದರ್ಶಿ ಯಾರು?" ಎಂದು ಫಾದರ್ ಕೇಳಿದ ಕೂಡಲೇ ಎಲ್ಲರೂ ತಲೆಯೆತ್ತಿ ಫ್ಯಾನ್ ನೋಡುತ್ತಾರೆ. ಹಿಂದಿನ ಸಾಲಿನಿಂದ ಯಾರೋ ನಿಮ್ಮ ಹೆಸರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು. ಮನೆಗೆ ಹೋಗುವಾಗ ನಿಮ್ಮ ಕೈಯಲ್ಲಿ ಬಟ್ಟೆಯಂಗಡಿಯ ಒಂದು ಚೀಲ. ಸಂಘದ ಇಡೀ ಸಂಸಾರ ಅದರೊಳಗೆ.

ಮಂಗಳೂರು, ಉಡುಪಿ ಕಡೆ ಇಂಥ ಸಂಘಗಳು ಊರಿಗೊಂದಿವೆ. ಔಷಧಿಗೆ, ಮಕ್ಕಳ ಫೀಸಿಗೆ, ಸೋರುವ ಮಾಡಿಗೆ ಹಣ ಹೊಂದಿಸುವ ಸಂಘಗಳು. ನಾನೂ ಹೀಗೆಯೇ ಒಂದರ ಕಾರ್ಯದರ್ಶಿಯಾದೆ. ಆಗ ಯಾರಾದರೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚೀಲ ಬಿಚ್ಚಿ

ಸುಮ್ನೆ ಕಪಾಟಿನಲ್ಲಿ ಇಟ್ಟುಬಿಡಬೇಡಿ. ಅದೇ ವಾರ ಹಳೆಯ ಪದಾಧಿಕಾರಿಯ ಜೊತೆ ಕೂತು ಪಟ್ಟಿ ಮಾಡಿ: ನೋಂದಣಿ ಪತ್ರ, ಬೈಲಾ (ಸಂಘದ ನಿಯಮಾವಳಿ), ಪ್ಯಾನ್ ಕಾರ್ಡ್, ಮಿನಿಟ್ಸ್ ಪುಸ್ತಕ, ಕ್ಯಾಶ್ ಬುಕ್, ಪಾಸ್‌ಬುಕ್, ಚೆಕ್ ಬುಕ್, ರಸೀದಿ ಪುಸ್ತಕ. ಯಾವ ರಸೀದಿ ಪುಸ್ತಕದಲ್ಲಿ ಎಷ್ಟನೇ ನಂಬರಿನವರೆಗೆ ಹರಿದಿದೆ ಎಂದೂ ಬರೆಯಿರಿ. ಇಬ್ಬರೂ ಸಹಿ ಹಾಕಿ.

ಇಲ್ಲೇ ಮೊದಲ ಮುಜುಗರ. ನಮ್ಮ ಖಜಾಂಚಿ ಅಂಕಲ್ ಇಪ್ಪತ್ತು ವರ್ಷ ಒಂದು ಪೈಸೆ ಆಸೆ ಪಡದೆ ದುಡಿದವರು. ಪಟ್ಟಿ ಎಂದ ಕೂಡಲೇ, "ಎಂತ ಬಾಯಿ, ನನ್ನ ಮೇಲೆ ಡೌಟಾ?" ಎಂದರು. ನನಗೆ ಗಂಟಲು ಕಟ್ಟಿತು. ಕೊನೆಗೆ, "ನಾಳೆ ಏನಾದರೂ ಕಳೆದುಹೋದರೆ ಅದು ನನ್ನ ಕೈಯಲ್ಲಿ ಕಳೆದದ್ದು ಅಂತ ಗೊತ್ತಾಗಲಿ ಅಂಕಲ್, ನಿಮ್ಮ ಹೆಸರು ಬರಬಾರದು" ಎಂದೆ. ಅವರೇ ಪೆನ್ನು ತಂದರು. ಪಟ್ಟಿ ಅಂದರೆ ಕೊಡುವವರಿಗೂ ಒಂದು ರಕ್ಷಣೆ. ಅದನ್ನು ಹಾಗೇ ಹೇಳಿ ನೋಡಿ.

ಬೈಲಾ ಓದಿ, ಉದ್ದೇಶದ ಸಾಲು ಎರಡು ಸಲ ಓದಿ

ಎಷ್ಟೋ ಸಂಘಗಳಲ್ಲಿ ಬೈಲಾ ಓದಿದವರು ಅದನ್ನು ಟೈಪ್ ಮಾಡಿದವರು ಮಾತ್ರ. ಕೋರಂ (ಸಭೆಗೆ ಕನಿಷ್ಠ ಬೇಕಾದ ಹಾಜರಿ) ಎಷ್ಟು, ಚೆಕ್ಕಿಗೆ ಯಾರ ಸಹಿ, ಕಮಿಟಿಯ ಅವಧಿ ಎಷ್ಟು ವರ್ಷ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಉದ್ದೇಶದ ಭಾಗದಲ್ಲಿ "ನಮ್ಮ ಸಮುದಾಯದವರಿಗೆ ಮಾತ್ರ" ಎಂದಿದೆಯಾ ನೋಡಿ. ಒಂದೇ ಧರ್ಮ ಅಥವಾ ಜಾತಿಯವರ ಒಳಿತಿಗೆಂದು ಇರುವ ಸಂಸ್ಥೆಗೆ ಆದಾಯ ತೆರಿಗೆಯವರ 80ಜಿ ಮಾನ್ಯತೆ ಸಿಗುವುದಿಲ್ಲ, ಅಂದರೆ ನಿಮಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಇಲ್ಲ. ಇದು ಗೊತ್ತಿಲ್ಲದೆ ರಸೀದಿಯ ಮೇಲೆ "80ಜಿ ಅನ್ವಯ" ಎಂದು ಅಚ್ಚು ಹಾಕಿಸಿದವರನ್ನು ನೋಡಿದ್ದೇನೆ. ಬೈಲಾ ಬದಲಿಸಬೇಕಾದರೆ ಆಡಿಟರ್ ಬಳಿ ಹೋಗಿ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ನಂಬರು ಬೇರೆ ಆಗಿದೆ, ಅದನ್ನೂ ಅಲ್ಲೇ ಕೇಳಿಕೊಳ್ಳಿ.

ಎಲ್ಲರಿಗೂ ಬಾಗಿಲು ತೆರೆಯುವುದು ನಮ್ಮೂರಿಗೆ ಹೊಸದೇನಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರು ಮಾಡಿದ ಫಾದರ್ ಮುಲ್ಲರ್ ಅವರ ಹತ್ತಿರ ಯಾರು ಬರುತ್ತಿರಲಿಲ್ಲ?

ಹಣ: ಒಬ್ಬರೇ ಎಣಿಸಬಾರದು

ಡಬ್ಬಿ ಒಡೆಯುವಾಗ ಇಬ್ಬರಿರಲಿ, ಒಂದೇ ಮನೆಯವರಲ್ಲದ ಇಬ್ಬರು. ಎಣಿಸಿದ ಮೊತ್ತ ಬರೆದು ಇಬ್ಬರೂ ಸಹಿ ಮಾಡಿ. ಬಂದ ಹಣ ಮೊದಲು ಬ್ಯಾಂಕಿಗೆ ಹೋಗಲಿ, ಖರ್ಚು ಆಮೇಲೆ ಚೆಕ್ಕಿನಲ್ಲಾಗಲಿ. ಕೈಗೆ ಬಂದ ನಗದಿನಿಂದಲೇ ಖರ್ಚು ಮಾಡಿದರೆ ವರ್ಷದ ಕೊನೆಗೆ ಯಾವ ಲೆಕ್ಕವೂ ತಾಳೆ ಬೀಳುವುದಿಲ್ಲ. ಇನ್ನೊಂದು ಮಾತು: 80ಜಿ ಇದ್ದರೂ ₹2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೆ ಆ ರಿಯಾಯಿತಿ ಇಲ್ಲ. ಮೊದಲೇ ಹೇಳಿಬಿಡಿ.

ನನ್ನ ತಪ್ಪನ್ನೂ ಹೇಳಬೇಕು. ಮದುವೆಗೆ ಊರಿಗೆ ಹೋಗುವಾಗ ತುರ್ತಿಗಿರಲಿ ಎಂದು ಮೂರು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಖಜಾಂಚಿಗೆ ಕೊಟ್ಟಿದ್ದೆ. ಏನೂ ಆಗಲಿಲ್ಲ. ಆದರೆ ಆಡಿಟರ್ ಕೇಳಿದಾಗ ಮೂರರಲ್ಲಿ ಒಂದು ಯಾತಕ್ಕೆ ಹೋಯಿತು ಎಂದು ಹೇಳಲು ನಮಗಿಬ್ಬರಿಗೂ ಆಗಲಿಲ್ಲ. ಒಂದು ವಾರ ನಿದ್ದೆ ಇಲ್ಲ.

"ದೇವರ ಕೆಲಸಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಸಂತ ಪೌಲರನ್ನು ನೆನಪಿಸಿ. ಜೆರುಸಲೇಮಿನ ಬಡವರಿಗೆ ಕೂಡಿಸಿದ ಹಣದ ಹೊಣೆಯನ್ನು ಅವರು ಒಬ್ಬರೇ ಹೊರಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಜೊತೆಗೆ ಬೇರೆಯವರನ್ನೂ ಸೇರಿಸಿಕೊಂಡರು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಕಥೋಲಿಕ ಧರ್ಮಸಭೆಯ ಕಾನೂನಿನ 537ನೇ ಕಲಂ ಕೂಡ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ.

ದುಬೈ ಹಣ ಬೇರೆ, ಕೆನಡಾ ಹಣ ಬೇರೆ

ನಮ್ಮ ಕರಾವಳಿಯಲ್ಲಿ ಜಾಸ್ತಿ ಎಡವುವುದು ಇಲ್ಲಿ. ಕುವೈತ್, ದುಬೈಯಲ್ಲಿರುವ ಹುಡುಗ ಭಾರತದ ಪಾಸ್‌ಪೋರ್ಟಿನವನಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಟೊರಾಂಟೊದಲ್ಲಿರುವ ಅವನ ಅಕ್ಕ ಅಲ್ಲಿನ ಪೌರತ್ವ ತಗೊಂಡಿದ್ದರೆ ಅವಳು ಕೊಟ್ಟದ್ದು ವಿದೇಶಿ ದೇಣಿಗೆ. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಮೊಂತಿ ಹಬ್ಬಕ್ಕೆ ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಆ ಕಾಯ್ದೆಯ 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅದರಲ್ಲಿ ಆಡಳಿತ ಖರ್ಚು ಶೇ 20 ದಾಟುವಂತಿಲ್ಲ. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಚಿಕ್ಕ ಸಂಘಕ್ಕೆ ದಾಟಿಸುವುದೂ ನಿಂತಿದೆ. ಆದ್ದರಿಂದ ದಾನಿಯನ್ನು "ಎಲ್ಲಿದ್ದೀರಿ?" ಎಂದು ಕೇಳಿದರೆ ಸಾಲದು, "ಪಾಸ್‌ಪೋರ್ಟ್ ಯಾವ ದೇಶದ್ದು?" ಎಂದೂ ಕೇಳಿ. ನಾಚಿಕೆ ಬೇಡ.

ಯಾರಿಗೆ ಕೊಡುವುದು?

ಮೇ ತಿಂಗಳಲ್ಲಿ ಫೀಸಿನ ಅರ್ಜಿಗಳು ರಾಶಿ ಬೀಳುತ್ತವೆ. ಏಪ್ರಿಲ್‌ನಲ್ಲೇ ನಿಯಮ ಬರೆದಿಡಿ: ಒಬ್ಬರಿಗೆ ಹೆಚ್ಚೆಂದರೆ ಎಷ್ಟು, ಯಾವ ಕಾಗದ ಬೇಕು, ತೀರ್ಮಾನ ಯಾರದು. ಅರ್ಜಿ ಕಮಿಟಿಯವರ ನೆಂಟರದ್ದಾದರೆ ಆ ಸದಸ್ಯರು ಅಷ್ಟು ಹೊತ್ತು ಹೊರಗೆ ಹೋಗಲಿ. ಮನೆ ನೋಡಲು ಇಬ್ಬರು ಒಟ್ಟಿಗೆ ಹೋಗಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರದ್ದು ಇದೇ ರೂಢಿ. ಒಬ್ಬರ ಕಣ್ಣಿಗೆ ಕಂಡ ಟಿವಿಯ ಪಕ್ಕದಲ್ಲೇ ಇನ್ನೊಬ್ಬರಿಗೆ ಡಯಾಲಿಸಿಸ್ ಫೈಲ್ ಕಾಣುತ್ತದೆ.

ಮೊದಲ ಕ್ರೈಸ್ತರಲ್ಲಿ ಜಗಳ ಎದ್ದದ್ದೂ ಹಂಚುವ ವಿಷಯಕ್ಕೇ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಶುರುವಾಯಿತು. ಪ್ರೇಷಿತರು (ಯೇಸುವಿನ ಮುಖ್ಯ ಶಿಷ್ಯರು) ಅದನ್ನು ತಳ್ಳಿಹಾಕಲಿಲ್ಲ, ಆ ಕೆಲಸವನ್ನು ತಾವೇ ಹಿಡಿದುಕೊಂಡೂ ಕೂರಲಿಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ದೂರು ಬಂದ ಕಡೆಯವರ ಕೈಗೇ ಸೌಟು ಬಂದಂತೆ ಕಾಣುತ್ತದೆ. ನಿಮ್ಮ ಕಮಿಟಿಯಲ್ಲಿ ನೆರವು ಪಡೆದ ಮನೆಯವರು ಒಬ್ಬರಾದರೂ ಇದ್ದಾರಾ?

ಮತ್ತೆ, ಚೆಕ್ ಹಿಡಿಸಿ ಫೋಟೊ ತೆಗೆಯುವುದನ್ನು ನಿಲ್ಲಿಸಿ. ವಾಟ್ಸ್ಯಾಪ್ ಗ್ರೂಪಿಗೆ ಮೊತ್ತ ಹಾಕಿ, ಮುಖ ಬೇಡ. ಆ ಮನೆಯ ಹುಡುಗಿ ನಾಳೆ ಅದೇ ವಾಳೆಯ (ಚರ್ಚಿನ ವಾರ್ಡಿನ) ಮಕ್ಕಳ ಜೊತೆ ಆಡಬೇಕಲ್ವಾ?

ಕಾಗದದ ಕೆಲಸ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿಸಿದ ಸಂಘವಾದರೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಅದಾಗಿ 14 ದಿನದೊಳಗೆ ಕಮಿಟಿಯ ಪಟ್ಟಿ ಮತ್ತು ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಸೇರಬೇಕು. ಸಂಬಳಕ್ಕೋ ಸೇವೆಗೋ ದುಡಿಯುವವರು ಹತ್ತು ಜನ ಇದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಬೇಕು. 2013ರ ಕಾಯ್ದೆಯಲ್ಲಿ ಚರ್ಚಿನವರಿಗೆ ವಿನಾಯಿತಿ ಇಲ್ಲ.

ನೀವು ಇಲ್ಲದ ದಿನಕ್ಕೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಎಲ್ಲವನ್ನೂ ಕಟ್ಟಿತು. 1914ರಲ್ಲಿ ಮಹಾಯುದ್ಧ ಶುರುವಾಯಿತು. ನಡೆಸುತ್ತಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ದೇಶದಿಂದ ಕಳಿಸಿದರು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ನಮ್ಮ ಸಂಘಕ್ಕೆ ಯುದ್ಧವೇ ಬೇಕಾಗಿಲ್ಲ. ಕಾರ್ಯದರ್ಶಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದರೂ ಸಾಕು.

ಹಾಗಾಗಿ ಎರಡನೇ ವರ್ಷದಿಂದಲೇ ಒಬ್ಬ ಕಿರಿಯರನ್ನು ಜೊತೆಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಮಿನಿಟ್ಸ್ ಬರೆಸಿ. ಹೊರಡುವಾಗ ನೀವು ಬಂದಾಗ ಮಾಡಿದ ಅದೇ ಪಟ್ಟಿಯನ್ನು ಇನ್ನೊಮ್ಮೆ ಮಾಡಿ. ಇಮೇಲ್ ಪಾಸ್‌ವರ್ಡ್ ಯಾರ ಹತ್ತಿರ, ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದೂ ಸೇರಿಸಿ. ಕಪಾಟಿನ ಬೀಗದಕೈ ಎಷ್ಟಿವೆ ಎಂದೂ ಬರೆಯಿರಿ. ನಮ್ಮ ಕಪಾಟಿನ ಎರಡನೇ ಕೈ ಇನ್ನೂ ಸಿಕ್ಕಿಲ್ಲ. ಅದು ಮಾತ್ರ ಅಂಕಲ್ ಪಟ್ಟಿಯಲ್ಲಿ ಇರಲಿಲ್ಲ.