ನೀರಿಳಿದಾಗ ಕಾಣೋ ಊರು: ಪೋರ್ಟ್ ಬ್ಲೇಕ್ಲಿಯಲ್ಲಿ ನನ್ನ ಹುಡುಕಾಟ

ನಮ್ಮಜ್ಜಿ ತವರುಮನೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು. ಮಳೆ ಕಮ್ಮಿಯಾದ ವರ್ಷ ಬೇಸಿಗೇಲಿ ನೀರು ಇಳಿದಾಗ ಮಡೆನೂರಿನ ಹಳೇ ಡ್ಯಾಮ್ ಮೇಲೆ ಬರತ್ತಲ್ಲ, ಚಿಕ್ಕೋನಿದ್ದಾಗ ಅದನ್ನ ನೋಡೋಕೆ ಹೋದಾಗ ಅಜ್ಜಿ ಕೆಸರಲ್ಲಿ ಎಲ್ಲೋ ಕೈ ತೋರಿಸಿ ಅಲ್ಲಿ ನಮ್ಮನೆ ಬಾವಿ ಇತ್ತು ಅಂದಿದ್ರು, ನಂಗೆ ಬರೀ ಮರದ ಬೊಡ್ಡೆಗಳು ಕಂಡಿದ್ವು. ಈಗ ಕೆಲಸದ ಮೇಲೆ ಸಿಯಾಟಲ್ ಪಕ್ಕ ಇದೀನಿ, ವೀಕೆಂಡ್ ಆದ್ರೆ ಕಾಣೆಯಾದ ಊರುಗಳನ್ನ ಹುಡುಕ್ಕೊಂಡು ಹೋಗ್ತೀನಿ, ಆ ಹುಚ್ಚು ಬಂದಿದ್ದು ಅಲ್ಲಿಂದ್ಲೇ ಅಂತ ಕಾಣತ್ತೆ.

ಪೋರ್ಟ್ ಬ್ಲೇಕ್ಲಿ ಇರೋದು ಬೇನ್‌ಬ್ರಿಜ್ ದ್ವೀಪದಲ್ಲಿ, ಸಿಯಾಟಲ್‌ನಿಂದ ಫೆರ್ರಿಯಲ್ಲಿ 35 ನಿಮಿಷ, ಇಳಿದು ಕಾರಲ್ಲಿ ಇನ್ನೊಂದು ಸ್ವಲ್ಪ. ಕ್ಯಾಪ್ಟನ್ ವಿಲಿಯಂ ರೆಂಟನ್ ಅನ್ನೋರು 1860ರ ದಶಕದಲ್ಲಿ ಅಲ್ಲಿ ಸಾಮಿಲ್ ಹಾಕಿದ್ರು. ಸುತ್ತ ಮುಗಿಯದಷ್ಟು ಕಾಡು, ಮುಂದೆ ಹಡಗು ನಿಲ್ಲೋಷ್ಟು ಆಳದ ಕೊಲ್ಲಿ, ಇನ್ನೇನು ಬೇಕು. ಕೆಲವೇ ವರ್ಷದಲ್ಲಿ ಅದು ಪ್ರಪಂಚದ ದೊಡ್ಡ ಸಾಮಿಲ್‌ಗಳಲ್ಲಿ ಒಂದಾಯ್ತು, ಅಲ್ಲಿಂದ ನಾಟಾ ಆಸ್ಟ್ರೇಲಿಯಾ ಹವಾಯಿವರೆಗೆ ಹೋಗ್ತಿತ್ತು, 1880ರ ಹೊತ್ತಿಗೆ ಪಕ್ಕದಲ್ಲೇ ಹಾಲ್ ಬ್ರದರ್ಸ್ ಅವರ ಹಡಗು ಕಟ್ಟೋ ಯಾರ್ಡೂ ಬಂತು. 1888ರಲ್ಲಿ ಮಿಲ್ ಪೂರ್ತಿ ಸುಟ್ಟೋಯ್ತು, ಐದೇ ತಿಂಗಳಲ್ಲಿ ಮತ್ತೆ ಕಟ್ಟಿದ್ರು. 1907ರಲ್ಲಿ ಇನ್ನೊಂದ್ ಸಲ ಬೆಂಕಿ ಬಿತ್ತು, ಈ ಸಲ ಎದ್ದಿದ್ದು ಸಣ್ಣ ಮಿಲ್, ಅದೂ 1920ರ ದಶಕದಲ್ಲಿ ನಿಂತೋಯ್ತು. ಹೋಟೆಲ್ಲು ಸ್ಕೂಲು ಅಂಗಡಿ ಎಲ್ಲಾ ಇದ್ದ ಊರು, ಈಗ ಹೋದ್ರೆ ಒಂದು ಪಾರ್ಕು, ಮೈತುಂಬಾ ಬಣ್ಣ ಬಳ್ಕೊಂಡಿರೋ ಒಂದು ಸೂರಿಲ್ಲದ ಕಾಂಕ್ರೀಟ್ ಕಟ್ಟಡ, ದಿಮ್ಮಿಗಳನ್ನ ತೇಲಿಬಿಡ್ತಿದ್ದ ಕೊಳ, ಅಷ್ಟೇ.

ಮೊದಲನೇ ಸಲ ಹೋಗಿದ್ದು ಡಿಸೆಂಬರಲ್ಲಿ, ಪೂರ್ತಿ ವೇಸ್ಟ್ ಆಯ್ತು. ಹಳೇ ಫೋಟೋ ಎಲ್ಲಾ ಪ್ರಿಂಟ್ ಹಾಕ್ಕೊಂಡು ಹೋಗಿದ್ದೆ, ಹೋಗಿ ನೋಡಿದ್ರೆ ಕೊಲ್ಲಿ ತುಂಬಾ ನೀರು. ಆಮೇಲೆ ಕೂತು ಭರತ ಇಳಿತದ ಟೇಬಲ್ ನೋಡಿದಾಗ ಗೊತ್ತಾಯ್ತು, ಇಲ್ಲಿ ಚಳಿಗಾಲದಲ್ಲಿ ನೀರು ತುಂಬಾ ಇಳಿಯೋದು ರಾತ್ರಿ ಹೊತ್ತು, ಹಗಲಲ್ಲಿ ಇಳಿಯೋದು ಬೇಸಿಗೇಲಿ, ಮೇ ಕೊನೆಯಿಂದ ಜುಲೈವರೆಗೆ ಮಧ್ಯಾಹ್ನದ ಆಸುಪಾಸು. ಈ ಕಡೆ ಯಾರಾದ್ರೂ ಸಮುದ್ರ ತೀರದ ಹಳೇ ಮಿಲ್ ಊರು ಹುಡುಕೋಕೆ ಹೊರಟ್ರೆ ಮೊದಲು ಆ ಟೇಬಲ್ ನೋಡಿ, ಮೈನಸ್ ಎರಡು ಅಡಿಗಿಂತ (ಅಂದ್ರೆ ದಿನದ ತೀರಾ ಕಮ್ಮಿ ನೀರಿನ ಸರಾಸರಿ ಮಟ್ಟಕ್ಕಿಂತ ಎರಡು ಅಡಿಗಿಂತ) ಕೆಳಗೆ ಹೋಗೋ ದಿನ ಆರಿಸ್ಕೊಳಿ, ನೀರು ತೀರಾ ಇಳಿಯೋ ಟೈಮಿಗೆ ಒಂದು ಗಂಟೆ ಮುಂಚೆನೇ ಅಲ್ಲಿರಿ.

ಜೂನಲ್ಲಿ ಮತ್ತೆ ಹೋದೆ. ನೀರು ಹಿಂದಕ್ಕೆ ಸರೀತಾ ಸರೀತಾ ಕಂಬಗಳು ಒಂದೊಂದಾಗಿ ತಲೆ ಎತ್ತಿದ್ವು, ಮೊದಲು ಹತ್ತು, ಆಮೇಲೆ ಸಾಲು ಸಾಲು, ಕಪ್ಪಗೆ, ಮೇಲೆಲ್ಲಾ ಚಿಪ್ಪು ಮೆತ್ಕೊಂಡು. ಹಡಗಿಗೆ ನಾಟಾ ತುಂಬ್ತಿದ್ದ ಕಟ್ಟೆಯ ಕಾಲುಗಳು ಅವು! ಅಜ್ಜಿ ಕೈ ತೋರಿಸಿದ್ದು ನೆನಪಾಗಿ ಸ್ವಲ್ಪ ಹೊತ್ತು ಕ್ಯಾಮೆರಾನೂ ತೆಗೀದೆ ಸುಮ್ನೆ ನಿಂತ್ಬಿಟ್ಟಿದ್ದೆ.

ಫೋಟೋಗಳಿಗೆ ವಾಷಿಂಗ್ಟನ್ ಯೂನಿವರ್ಸಿಟಿಯ ಡಿಜಿಟಲ್ ಸಂಗ್ರಹ ಬಂಗಾರದ ಗಣಿ ಇದ್ದಂಗೆ, ಫ್ರೀ. ನಾನು ಮಾಡೋದು ಇಷ್ಟೇ, ಫೋಟೋದಲ್ಲಿ ಕಟ್ಟಡಗಳನ್ನ ನೋಡಲ್ಲ, ಅವು ಯಾವ್ದೂ ಈಗ ಇಲ್ಲ, ಹಿಂದಿನ ಗುಡ್ಡದ ಗೆರೆ ನೋಡ್ತೀನಿ. ಗುಡ್ಡ ಎಲ್ಲಿ ತಗ್ಗಾಗತ್ತೆ, ಕೊಲ್ಲಿ ಬಾಯಿ ಎಷ್ಟು ಕಾಣತ್ತೆ ಅನ್ನೋದನ್ನ ಹೊಂದಿಸ್ತಾ ಹಿಂದೆ ಮುಂದೆ ನಡೆದ್ರೆ ಫೋಟೋ ತೆಗೆದೋರು ನಿಂತಿದ್ದ ಜಾಗ ಹೆಚ್ಚುಕಮ್ಮಿ ಸಿಗತ್ತೆ, ಸಿಕ್ಕಿದ್ಮೇಲೆ ಮಿಲ್ ಎಲ್ಲಿತ್ತು ರಸ್ತೆ ಎಲ್ಲಿತ್ತು ಅಂತ ಕಣ್ಣಿಗೇ ಕಟ್ಟತ್ತೆ.

ಇನ್ನೊಂದು ಲೈಡಾರ್. ವಿಮಾನದಿಂದ ಲೇಸರ್ ಬಿಟ್ಟು ಅಳೀತಾರೆ, ಮರ ಗಿಡ ಎಲ್ಲಾ ಕಂಪ್ಯೂಟರಲ್ಲೇ ತೆಗೆದು ಬರೀ ನೆಲ ತೋರ್ಸತ್ತೆ, ಇಲ್ಲಿನ ವಾಷಿಂಗ್ಟನ್ ರಾಜ್ಯ ಸರ್ಕಾರದ ಪೋರ್ಟಲಲ್ಲಿ ಯಾರು ಬೇಕಾದ್ರೂ ನೋಡ್ಬೋದು. 1990ರ ದಶಕದಲ್ಲಿ ಇದೇ ದ್ವೀಪದ ದಕ್ಷಿಣ ಭಾಗದಲ್ಲಿ ಲೈಡಾರ್ ಸರ್ವೆ ಮಾಡಿದಾಗ, ದಟ್ಟ ಕಾಡಿನ ಕೆಳಗೆ ಅಡಗಿದ್ದ ಭೂಕಂಪದ ಬಿರುಕಿನ ಏಣು ಟೋ ಜ್ಯಾಮ್ ಹಿಲ್ ಹತ್ರ ಪತ್ತೆಯಾಗಿತ್ತು, ಅಂದ್ರೆ ಎಂಥ ಕಾಡಿದ್ರೂ ನೆಲದ ಗಾಯ ಅದಕ್ಕೆ ಕಾಣತ್ತೆ. ಆದ್ರೆ ನೇರ ಗೆರೆ ಕಂಡ ತಕ್ಷಣ ಹಳೇ ರೈಲು ದಾರಿ ಅಂದ್ಕೋಬೇಡಿ. ನಾನು ಹಂಗೇ ಅಂದ್ಕೊಂಡು ಮುಳ್ಳು ಬ್ಲ್ಯಾಕ್‌ಬೆರಿ ಪೊದೆಯಲ್ಲಿ ಎರಡು ಗಂಟೆ ನುಗ್ಗಿ ಕೈಯೆಲ್ಲಾ ಕೆರ್ಕೊಂಡು ಕೊನೆಗೆ ಸಿಕ್ಕಿದ್ದು ಇತ್ತೀಚಿನ ಪೈಪ್‌ಲೈನ್.

ಕಾಡೊಳಗೆ ಕಣ್ಣಿಡಬೇಕಾದ್ದು ಎರಡಕ್ಕೆ. ಒಂದು, ದೊಡ್ಡ ಸೀಡರ್ ಬೊಡ್ಡೆಗಳ ಮೇಲೆ ಎದುರುಬದುರು ಕಣ್ಣಿನ ಥರ ಎರಡು ಕಚ್ಚು, ಮರ ಕಡಿಯೋರು ಅದಕ್ಕೆ ಹಲಗೆ ಸಿಕ್ಕಿಸಿ ಮೇಲೆ ನಿಂತು ಗರಗಸ ಎಳೀತಿದ್ರು, ಬುಡ ತುಂಬಾ ದಪ್ಪ ಇರ್ತಿದ್ರಿಂದ. ನೂರು ವರ್ಷ ಆದ್ರೂ ಸೀಡರ್ ಕೊಳೆತಿಲ್ಲ. ಎರಡನೇದು, ಕಾಡಿಗೆ ಸೇರದ ಗಿಡ. ನಮ್ಮ ಮಲೆನಾಡಲ್ಲಿ ಕಾಡು ಮಧ್ಯೆ ಹಳೇ ಹಲಸಿನ ಮರ, ಸಂಪಿಗೆ ಮರ ಕಂಡ್ರೆ ಇಲ್ಲಿ ಮನೆ ಇತ್ತು ಅಂತ ಯಾರಾದ್ರೂ ಹೇಳ್ತಾರಲ್ಲ, ಇಲ್ಲೂ ಹಂಗೇ, ಸೇಬಿನ ಮರ, ನೆಲಕ್ಕೆ ಹಬ್ಬೋ ನೀಲಿ ಹೂವಿನ ವಿಂಕಾ, ಯಾರೋ ಒಬ್ರು ಮನೆ ಮುಂದೆ ನೆಟ್ಟಿದ್ದು ಮನೆ ಹೋದ್ರೂ ಉಳ್ಕೊಂಡಿರತ್ತೆ.

ನಂಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ್ದು ಯಾಮಾ. ಮಿಲ್ಲಲ್ಲಿ ಕೆಲಸಕ್ಕೆ ಬಂದ ಜಪಾನೀಯರು ಗುಡ್ಡದ ಇಳಿಜಾರಲ್ಲಿ ಕಟ್ಕೊಂಡಿದ್ದ ಊರು, ಜಪಾನೀಯಲ್ಲಿ ಯಾಮಾ ಅಂದ್ರೆ ಬೆಟ್ಟ. ಮುನ್ನೂರರ ಹತ್ರ ಜನ ಇದ್ರು, ಬೌದ್ಧ ಮಂದಿರ, ಚರ್ಚು, ಅಂಗಡಿ, ಫೋಟೋ ಸ್ಟುಡಿಯೋ ಕೂಡ. ಮಿಲ್ ಮುಚ್ಚಿದ್ಮೇಲೆ ಖಾಲಿಯಾಯ್ತು, ಕೆಲವು ಕುಟುಂಬ ದ್ವೀಪದಲ್ಲೇ ಉಳಿದು ಸ್ಟ್ರಾಬೆರಿ ಬೆಳೆದ್ರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಜತೆ ಯುದ್ಧ ಶುರುವಾದ್ಮೇಲೆ, 1942ರ ಮಾರ್ಚ್ 30ಕ್ಕೆ ದ್ವೀಪದ 227 ಜಪಾನೀಯ ಮೂಲದವರನ್ನ ಸೈನಿಕರ ಕಾವಲಲ್ಲಿ ಫೆರ್ರಿ ಹತ್ತಿಸಿ ಬಂಧನದ ಕ್ಯಾಂಪಿಗೆ ಕಳಿಸಿದ್ರು, ಅಮೆರಿಕದಲ್ಲಿ ಹಾಗೆ ಮೊದಲು ಹೊರಟಿದ್ದೇ ಈ ದ್ವೀಪದೋರು. ಒಂದೇ ಜನ ಎರಡು ಸಲ ಊರು ಕಳ್ಕೊಂಡ್ರಲ್ಲ ಅಂತ ಓದಿ ಹೊಟ್ಟೆ ಕಿವುಚಿದಂಗಾಯ್ತು.

2015ರಿಂದ ಮೂರು ಬೇಸಿಗೆ ಒಲಿಂಪಿಕ್ ಕಾಲೇಜಿನವರು ಯಾಮಾದಲ್ಲಿ ಉತ್ಖನನ ಮಾಡಿದ್ರು, ಬೇರೆ ಮಿಲ್ ಊರುಗಳ ಥರ ಇದರ ಮೇಲೆ ಹೊಸ ಕಟ್ಟಡ ಏಳದೇ ಇದ್ದಿದ್ರಿಂದ ಅಲ್ಲಿ ಸಾವಿರಾರು ವಸ್ತು ಸಿಕ್ಕಿದ್ವು. ನಾನು ಹೋದಾಗ ಕಾಲ್ದಾರಿ ಬಿಟ್ಟು ಇಳೀಲಿಲ್ಲ. ಹಿಂದಿನ ದಿನ ಮಳೆ ಬಂದಿತ್ತು, ದಾರಿ ಅಂಚಲ್ಲಿ ಮಣ್ಣು ಕೊಚ್ಚಿ ಒಂದು ಪಿಂಗಾಣಿ ಚೂರು ಎದ್ದಿತ್ತು, ಉಗುರಿನಷ್ಟು, ಬಿಳಿ ಮೇಲೆ ನೀಲಿ ಗೆರೆ. ಬಟ್ಟಲೋ ತಟ್ಟೆಯೋ. ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆದೆ, ಜಾಗ ಗುರ್ತು ಹಾಕ್ಕೊಂಡು ಪಾರ್ಕಿನವರಿಗೆ ಕಳಿಸ್ದೆ, ಚೂರು ಅಲ್ಲೇ ಬಿಟ್ಟೆ. ಇಂಥ ಜಾಗದಿಂದ ಏನನ್ನೂ ಎತ್ಕೊಂಡು ಬರೋದು ಕಾನೂನು ಪ್ರಕಾರ ತಪ್ಪು, ಅದಕ್ಕಿಂತ ಹೆಚ್ಚಾಗಿ ಚೂರು ಎಲ್ಲಿ ಬಿದ್ದಿದೆ ಅನ್ನೋದ್ರಲ್ಲೇ ಅದರ ಕಥೆ ಇರೋದು, ಜೇಬಿಗೆ ಹಾಕ್ಕೊಂಡ್ರೆ ಅದು ಬರೀ ಒಡೆದ ಪಿಂಗಾಣಿ. ಅದಕ್ಕೇ ಜಾಗ ಎಲ್ಲಿ ಅಂತ ಇಲ್ಲಿ ಬರೀತಿಲ್ಲ, ಬೇಜಾರು ಮಾಡ್ಕೋಬೇಡಿ.

ಸಂಜೆ ಅಮ್ಮಂಗೆ ಫೋಟೋ ಕಳಿಸ್ದೆ. ತಕ್ಷಣ ಫೋನ್ ಬಂತು, "ಮುಟ್ಟಿಲ್ಲ ತಾನೇ? ಯಾರ ಮನೇದೋ ಏನೋ, ಅಲ್ಲೇ ಇರ್ಲಿ ಬಿಡೋ" ಅಂದ್ರು. ಆಮೇಲೆ ಅಜ್ಜಿ ಮನೆ ಬಾವಿ ಕಟ್ಟೆ ಬಗ್ಗೆ ಅರ್ಧ ಗಂಟೆ ಮಾತಾಡಿದ್ರು, ನಾನು ಅದುವರೆಗೆ ಕೇಳಿರದ ವಿಷಯಗಳು, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ.

ಕೊಲ್ಲಿಯ ಕಂಬಗಳಲ್ಲಿ ಒಂದು ಸಾಲು ಮಾತ್ರ ನನ್ನ ಹತ್ರ ಇರೋ ಯಾವ ಫೋಟೋಗೂ ಇನ್ನೂ ಹೊಂದ್ತಿಲ್ಲ, ಉಳಿದವಕ್ಕೆ ಅಡ್ಡವಾಗಿ ನಿಂತಿದೆ. ಬರೋ ಜೂನಿಗೆ ತುಂಬಾ ಇಳಿಯೋ ದಿನ ನೋಡಿ ರಜ ಹಾಕಿದೀನಿ, ಈ ಸಲ ಗಮ್ ಬೂಟು ಮತ್ತೆ ಅಳತೆ ಟೇಪ್ ತಗೊಂಡು ಹೋಗ್ಬೇಕು.