ಕುಮಟೆಯಲ್ಲಿಯೇ ಉಳಿದು ಫೆಲೋಶಿಪ್ ಪಡೆದ ನನ್ನ ಅನುಭವ

ಉತ್ತರ ಕನ್ನಡದ ಕುಮಟೆಯಲ್ಲಿ ಕುಳಿತವರಿಗೆ ಫೆಲೋಶಿಪ್ (ಸಂಶೋಧನೆಗೆ ದೊರೆಯುವ ಧನಸಹಾಯ) ಸಿಗುವುದಿಲ್ಲ, ಬೆಂಗಳೂರಿಗೋ ದಿಲ್ಲಿಗೋ ಹೋಗಿ ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂದು ನನಗೆ ಹೇಳಿದವರು ಬಹಳ ಮಂದಿ. ಅವರಲ್ಲಿ ನನಗೆ ಪಾಠ ಹೇಳಿದ ಗುರುಗಳೂ ಇದ್ದರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಅದನ್ನು ಕೊರೆದು ಒಳಗಿನ ಬಿಳಿಯಿಂದ ಗೋಡೆಚಿತ್ರ ಮೂಡಿಸುವುದು ಕಾವಿ ಕಲೆ. ನಮ್ಮ ಕರಾವಳಿಯ ದೇವಸ್ಥಾನಗಳ ಈ ಕಲೆಯನ್ನು ಕುರಿತ ನನ್ನ ಕೆಲಸಕ್ಕೆ ಮೊದಲು ಒಂದು ಕಲಾವಿದರ ರೆಸಿಡೆನ್ಸಿ (ಕೆಲವು ಕಾಲ ಒಂದೆಡೆ ಉಳಿದು ಕೆಲಸ ಮಾಡುವ ಅವಕಾಶ), ಆಮೇಲೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ ದೊರೆತಿವೆ. ಎರಡನ್ನೂ ನಾನು ಕುಮಟೆಯಲ್ಲಿ ನೆಲೆಸಿಯೇ ಪಡೆದೆ. ಎಂ.ಎ. ಅಥವಾ ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವ ನಮ್ಮ ಜಿಲ್ಲೆಯ ಗೆಳೆಯರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲವು ವರ್ಷ ನಾನು ಎಲ್ಲರೂ ಬರೆಯುವ ರೀತಿಯಲ್ಲಿಯೇ ಅರ್ಜಿ ಬರೆದೆ. ಇಡೀ ಕರಾವಳಿಯ ದೃಶ್ಯ ಪರಂಪರೆಯನ್ನು ಅಧ್ಯಯನ ಮಾಡುತ್ತೇನೆ ಎಂಬ ದೊಡ್ಡ ಶೀರ್ಷಿಕೆ, ಮೊದಲ ಎರಡು ಪುಟಗಳಲ್ಲಿ ಸಿದ್ಧಾಂತಿಗಳ ಹೆಸರು, ಕೊನೆಯಲ್ಲಿ ಒಂದು ಸಾಲಿನ ಬಜೆಟ್. ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಒಂದು ಸಂಸ್ಥೆ ಸಂದರ್ಶನಕ್ಕೆ ಕರೆಯಿತು. ಹೋಗಿ ಬರುವ ರೈಲಿಗೂ ವಸತಿಗೂ ಸುಮಾರು 9,000 ರೂಪಾಯಿ ಕೈಯಿಂದಲೇ ಖರ್ಚಾಯಿತು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ನನ್ನ ಸಿದ್ಧಾಂತದ ಪುಟಗಳನ್ನು ಬದಿಗಿಟ್ಟು, "ನೀವು ಎಷ್ಟು ಗೋಡೆಗಳನ್ನು ಹತ್ತಿರದಿಂದ ನೋಡಿದ್ದೀರಿ?" ಎಂದಷ್ಟೇ ಕೇಳಿದರು. ಇಂಗ್ಲಿಷ್ ತಿದ್ದಿಸಿದ್ದು, ಪ್ರಿಂಟ್, ಕೊರಿಯರ್, ಪ್ರಯಾಣ ಎಲ್ಲ ಸೇರಿ ಆ ವರ್ಷಗಳಲ್ಲಿ 40,000 ರೂಪಾಯಿಯ ಆಸುಪಾಸಿನಲ್ಲಿ ಹೋಯಿತು, ಮತ್ತು ಅದೆಲ್ಲವೂ ಅತಿಥಿ ಉಪನ್ಯಾಸಕನ ಗೌರವಧನದಿಂದ ಉಳಿಸಿದ್ದು.

ಆ ಪ್ರಶ್ನೆಯ ನಂತರ ನಾನು ಕ್ರಮವನ್ನು ತಿರುಗಿಸಿದೆ: ಕೆಲಸ ಮೊದಲು, ಅರ್ಜಿ ಆಮೇಲೆ. ಒಂದು ಚಳಿಗಾಲ ಪೂರ್ತಿ ಭಾವನ ಸ್ಕೂಟರ್ ಎರವಲು ಪಡೆದು, ದೂರದ ಊರಿಗೆ ಬಸ್ಸಿನಲ್ಲಿ ಹೋಗಿ, ಅಂಕೋಲೆಯಿಂದ ಹೊನ್ನಾವರದವರೆಗಿನ ದೇವಸ್ಥಾನಗಳ ಕಾವಿ ಗೋಡೆಗಳನ್ನು ಒಂದೊಂದಾಗಿ ನೋಡಿದೆ. ಪ್ರತಿ ಗೋಡೆಯನ್ನೂ ಬೆಳಗಿನ ಒಂದೇ ಬಗೆಯ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದೆ. ಅಷ್ಟೇ ಮುಖ್ಯವಾಗಿ, ಅದೇ ದೇವಸ್ಥಾನದಲ್ಲಿ ಯಾವ ಗೋಡೆಗೆ ಈಗಾಗಲೇ ಎನಾಮೆಲ್ ಪೇಂಟ್ ಬಳಿದಿದ್ದಾರೆ, ಎಲ್ಲಿ ಟೈಲ್ಸ್ ಅಂಟಿಸಿದ್ದಾರೆ ಎಂಬುದನ್ನು ಅಲ್ಲಿನ ಅರ್ಚಕರನ್ನೂ ಊರ ಹಿರಿಯರನ್ನೂ ಕೇಳಿ ಬರೆದುಕೊಂಡೆ. ಘಟ್ಟ ಹತ್ತಿ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನೂ ಹೋಲಿಕೆಗಾಗಿ ಸೇರಿಸಿದೆ. ಇದಕ್ಕೆ ತಗುಲಿದ ಖರ್ಚು ಸುಮಾರು 25,000. ಆದ ಕೆಲಸಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಗೆಳೆಯರು ಕೇಳಿದರು. ಆದರೆ ಸಮಿತಿಗಳು ಹಣ ಕೊಡುವುದೇ ಅರ್ಧ ಆದ ಕೆಲಸಕ್ಕೆ. ಇನ್ನರ್ಧವೂ ಮುಗಿಯುತ್ತದೆ ಎಂಬ ನಂಬಿಕೆ ಅವರಿಗೆ ಬೇರೆ ಯಾವುದರಿಂದಲೂ ಬರುವುದಿಲ್ಲ.

ಹೊನ್ನಾವರದ ಲೇಖಕ, ಸಂಶೋಧಕ ಕೃಷ್ಣಾನಂದ ಕಾಮತರು ಕಾವಿ ಕಲೆಯ ಬಗ್ಗೆ ಹಿಂದೆಯೇ ಕೆಲಸ ಮಾಡಿರುವಾಗ ನಿಮ್ಮದೇನು ಹೊಸದು ಎಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ಯಾವ ಗೋಡೆ ಇಂದು ಉಳಿದಿದೆ, ಯಾವುದು ಹೋಗಿದೆ, ಯಾವ ಕಾರಣಕ್ಕೆ ಹೋಗಿದೆ ಎಂಬ ಪಟ್ಟಿಯನ್ನು ಮುಂದಿಟ್ಟ ಮೇಲೆ ಆ ಪ್ರಶ್ನೆ ಮುಂದುವರಿಯಲಿಲ್ಲ.

ಪ್ರಸ್ತಾವನೆಯನ್ನು ನಾನು ಈಗ ಮೊದಲು ಕನ್ನಡದಲ್ಲಿಯೇ ಬರೆಯುತ್ತೇನೆ. ಕಲೆಯ ಕೆಲಸಗಳಿಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವನೆಗಳನ್ನು ಸ್ವೀಕರಿಸುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಇನ್ನೂ ತಿಳಿದಿಲ್ಲ. ಇಂಗ್ಲಿಷಿನಲ್ಲಿಯೇ ಕೊಡಬೇಕಾದ ಕಡೆಯೂ ಕನ್ನಡದ ಕರಡಿನಿಂದ ಇಂಗ್ಲಿಷಿಗೆ ತಂದರೆ, ಅರ್ಥವಿಲ್ಲದ ದೊಡ್ಡ ಮಾತುಗಳು ದಾರಿಯಲ್ಲಿಯೇ ಉದುರಿ ಹೋಗುತ್ತವೆ. ಇದರ ಜೊತೆಗೆ ಅವರು ಕೇಳದಿದ್ದರೂ ನಾನು ಲಗತ್ತಿಸುವ ಕಾಗದವೆಂದರೆ ದೇವಸ್ಥಾನದ ಆಡಳಿತ ಮಂಡಳಿಯ ಒಪ್ಪಿಗೆ ಪತ್ರ. ಪ್ರಾಧ್ಯಾಪಕರ ಶಿಫಾರಸು ಪತ್ರ ಎಲ್ಲರ ಬಳಿಯೂ ಇರುತ್ತದೆ. ಮೊಕ್ತೇಸರರ ಸಹಿ ಇರುವ, ಗೋಡೆಯ ಚಿತ್ರ ತೆಗೆಯಲು ನಮ್ಮ ಅಡ್ಡಿಯಿಲ್ಲ ಎನ್ನುವ ಪತ್ರ ಹೊರಗಿನ ಅರ್ಜಿದಾರರಿಗೆ ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಪಡೆಯಲು ಕೆಲವೆಡೆ ವಾರಗಟ್ಟಲೆ ಹೋಗಿ ಬಂದಿದ್ದೇನೆ. ಪತ್ರ ಕೇಳುವ ಮೊದಲು ನಾನು ಮಂಡಳಿಗೆ ಏನನ್ನು ತಯಾರಿಸಿ ಕೊಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ವೇಳಾಪಟ್ಟಿಯನ್ನು ಮಳೆಗೆ ಹೊಂದಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯ ಕೆಲಸ ಸಾಗುವುದಿಲ್ಲ. ಆ ತಿಂಗಳುಗಳನ್ನು ರೇಖಾಚಿತ್ರಕ್ಕೂ ಬರವಣಿಗೆಗೂ ಇಟ್ಟು, ನವೆಂಬರ್‌ನಿಂದ ಮೇ ತನಕ ಕ್ಷೇತ್ರಕಾರ್ಯ ಎಂದು ತೋರಿಸಿದೆ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ಜಾತ್ರೆಯಿರುವ ವರ್ಷದ ಮಾರ್ಚ್ ತಿಂಗಳನ್ನು ಅಲ್ಲಿನ ಕೆಲಸಕ್ಕೆ ಲೆಕ್ಕ ಹಿಡಿಯಲಿಲ್ಲ. ಜಾಗವನ್ನು ಬಲ್ಲವರೇ ಹೀಗೆ ಬರೆಯಲು ಸಾಧ್ಯ ಎಂಬುದು ಓದುವವರಿಗೆ ತಿಳಿಯುತ್ತದೆ.

ಹಣದ ಲೆಕ್ಕದಲ್ಲಿಯಂತೂ ಊರಿನಲ್ಲಿ ಇರುವುದೇ ನಮ್ಮ ಬಲ. ಜೂನಿಯರ್ ಫೆಲೋಶಿಪ್ 25ರಿಂದ 40 ವರ್ಷದವರಿಗೆ ಇರುವಂಥದ್ದು. ತಿಂಗಳಿಗೆ 10,000 ರೂಪಾಯಿಯಂತೆ ಎರಡು ವರ್ಷ, ಆರು ತಿಂಗಳಿಗೊಂದರಂತೆ ನಾಲ್ಕು ಕಂತು. 40 ದಾಟಿದವರ ಸೀನಿಯರ್ ಫೆಲೋಶಿಪ್ ತಿಂಗಳಿಗೆ 20,000. ಬೆಂಗಳೂರಿನಲ್ಲಿ ಈ 10,000 ಕೋಣೆಯ ಬಾಡಿಗೆಗೆ ಮುಗಿಯುತ್ತದೆ. ತಾಯಿಯ ಕೈಯ ಊಟ ಮಾಡಿ ಸ್ವಂತ ಮನೆಯಲ್ಲಿ ಉಳಿದ ನನಗೆ ಅದರ ಬಹುಪಾಲು ಬಸ್ಸು, ಪೆಟ್ರೋಲು, ಹಾರ್ಡ್‌ಡಿಸ್ಕ್, ಚಿತ್ರದ ಸಾಮಗ್ರಿಗೆ ಒದಗುತ್ತದೆ. ಕಂತುಗಳಲ್ಲಿ ಬರುವ ಯಾವ ಫೆಲೋಶಿಪ್ ಆದರೂ ಆರೇಳು ತಿಂಗಳಿಗೆ ಸಾಲುವಷ್ಟು ಹಣ ಕೈಯಲ್ಲಿಟ್ಟುಕೊಂಡೇ ಆರಂಭಿಸಬೇಕು. ನಾನು ಸುಮಾರು 50,000 ಇಟ್ಟುಕೊಂಡಿದ್ದೆ.

ಇದರ ನಡುವೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಕಾವಿಯ ಗಾರೆಯನ್ನು ನಾನೇ ಮಾಡದೆ ಅದರ ಬಗ್ಗೆ ಬರೆಯುವುದು ಸರಿಯಲ್ಲ ಎನ್ನಿಸಿ, ಅಘನಾಶಿನಿ ಅಳಿವೆಯ ಬಳಚಿನ (ಒಂದು ಬಗೆಯ ಚಿಪ್ಪುಮೀನು) ಚಿಪ್ಪಿನಿಂದ ಸುಟ್ಟ ಸುಣ್ಣ, ತೊಳೆದ ಹೊಳೆಮರಳು, ಬೆಲ್ಲದ ನೀರು ಸೇರಿಸಿ ಕೊಳೆಯಿಸಿ, ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲು) ತುಂಡುಗಳ ಮೇಲೆ ಬಳಿದೆ. ಮಳೆಗಾಲದಲ್ಲಿ ಮಾಡಿದವು ಒಣಗಲೇ ಇಲ್ಲ. ಮೇಲೆ ಬಳಿದ ಕೆಮ್ಮಣ್ಣು ಪದರವಾಗಿ ಎದ್ದು ಬಂತು. ಜನವರಿಯಲ್ಲಿ ಮಾಡಿದವುಗಳಲ್ಲಿಯೂ ಅರ್ಧದಷ್ಟು ಬಿರುಕು ಬಿಟ್ಟವು. ಉಳಿದವುಗಳಲ್ಲಿ ಹಸಿಯಿರುವಾಗಲೇ ಕೆಂಪು ಪದರವನ್ನು ಕೊರೆದರೆ ಒಳಗಿನ ಬಿಳಿ ಚೊಕ್ಕಟವಾಗಿ ಎದ್ದು ಬರುತ್ತಿತ್ತು. ಮರಳು, ಬೆಲ್ಲದ ಪ್ರಮಾಣವನ್ನು ನನಗೆ ತಿಳಿಸಿದವರು ಗಾರೆ ಕೆಲಸದ ಹಿರಿಯರೊಬ್ಬರು. ಅವರ ಒಪ್ಪಿಗೆಯಿಲ್ಲದೆ ಅದನ್ನು ಇಲ್ಲಿ ಬರೆಯಲಾರೆ. ರೆಸಿಡೆನ್ಸಿಯ ಸಂದರ್ಶನಕ್ಕೆ ನಾನು ಪೋರ್ಟ್‌ಫೋಲಿಯೊದ ಜೊತೆಗೆ ಇಂಥದೊಂದು ಫಲಕವನ್ನು ಗೋಣಿಯಲ್ಲಿ ಸುತ್ತಿ ಒಯ್ದಿದ್ದೆ. ಅವರು ಫೋಟೋಗಳನ್ನು ತಿರುವಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಫಲಕವನ್ನು ಮುಟ್ಟಿ ನೋಡಿದರು.

ರೆಸಿಡೆನ್ಸಿಗೆ ಅರ್ಜಿ ಹಾಕುವವರು ಒಂದು ವಿಷಯವನ್ನು ಮೊದಲೇ ಕೇಳಿ ತಿಳಿಯಬೇಕು. ಕೆಲವು ಊಟ, ವಸತಿ, ಪ್ರಯಾಣ, ಸಾಮಗ್ರಿ ಎಲ್ಲ ಕೊಡುತ್ತವೆ. ಕೆಲವು ಕೋಣೆ ಮಾತ್ರ ಕೊಡುತ್ತವೆ. ಇನ್ನು ಕೆಲವು ಕಲಾವಿದರಿಂದಲೇ ಶುಲ್ಕ ಪಡೆಯುತ್ತವೆ. ಕೊನೆಯ ಬಗೆಯದಕ್ಕೆ ನಮ್ಮಂಥವರು ಹೋಗಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಹೋದಲ್ಲಿ ಪ್ರಯಾಣದ ಹಣ ಇರಲಿಲ್ಲ. ಸುಣ್ಣದ ಚೀಲಗಳನ್ನು ರೈಲಿನಲ್ಲಿ ಗೋವಾದ ಮಡಗಾಂವ್‌ಗೆ ಸಾಗಿಸಿದ್ದೂ ಸೇರಿ ಸುಮಾರು 4,000 ನನ್ನದೇ ಹೋಯಿತು.

ಮುಂದಿನ ನನ್ನ ಅರ್ಜಿ ಬ್ರಿಟಿಷ್ ಮ್ಯೂಸಿಯಮ್ಮಿನ ಎಂಡೇಂಜರ್ಡ್ ಮೆಟೀರಿಯಲ್ ನಾಲೆಜ್ ಪ್ರೋಗ್ರಾಮಿಗೆ. ನಶಿಸುತ್ತಿರುವ ಕೈಕೆಲಸದ ಅರಿವನ್ನು ದಾಖಲಿಸುವುದೇ ಅದರ ಉದ್ದೇಶವಾದ್ದರಿಂದ ಗಾರೆಯ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಅಲ್ಲಿ ದಾಖಲೆಗಳೆಲ್ಲ ಎಲ್ಲರಿಗೂ ಮುಕ್ತವಾಗಿ ದೊರೆಯಬೇಕು. ಹಾಗಾಗಿ ಗಾರೆಯ ಹಿರಿಯರೂ ದೇವಸ್ಥಾನದ ಮಂಡಳಿಗಳೂ ಒಪ್ಪುವವರೆಗೆ ಅರ್ಜಿಯನ್ನು ತಡೆದಿಟ್ಟಿದ್ದೇನೆ. ಅಷ್ಟರೊಳಗೆ ನಮ್ಮ ಕಡೆಯ ಯಾರಾದರೂ ತಮ್ಮ ಪ್ರಸ್ತಾವನೆಯ ಕರಡನ್ನು ಕನ್ನಡದಲ್ಲಿ ಬರೆದು ತಂದರೆ ಕುಳಿತು ಓದಿ ಹೇಳಲು ಸಿದ್ಧನಿದ್ದೇನೆ. ಮಳೆಗಾಲ ಮುಗಿಯುವ ಮೊದಲೇ ಬರಬೇಕು, ನವೆಂಬರ್ ನಂತರ ನಾನು ಮನೆಯಲ್ಲಿ ಸಿಗುವುದು ಕಷ್ಟ.