ರೊಟ್ಟಿ ಬುಟ್ಟಿಯ ಅಜ್ಜಿಗೆ ಅವರದೇ ಫೋಟೋ

ರಜೆಯ ತಿರುಗಾಟಕ್ಕೆ ಕ್ಯಾಮೆರಾದ ಜತೆ ಪ್ರಿಂಟರ್ ಕೂಡ ಹೊತ್ತೊಯ್ಯುತ್ತೇನೆ ಎಂದಾಗ ನಮ್ಮ ಫೋಟೋ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಕಾಗದದ ಫೋಟೋ ಯಾರಿಗೆ ಬೇಕು ಎಂದರು. ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ 600 ಫೋಟೋಗಳನ್ನು ಗುರುತಿಲ್ಲದವರ ಕೈಗಿತ್ತಿದ್ದೇನೆ. ಬೇಡ ಎಂದವರು ನಾಲ್ಕೈದು ಮಂದಿ ಇದ್ದಾರು, ಅಷ್ಟೆ.

ಹೋದಲ್ಲಿ ಕಂಡವರಿಗೆ ಏನಾದರೂ ಕೊಡಬೇಕೆಂದು ಮೊದಲು ಮಾಡಿದ್ದೆಲ್ಲ ಕೆಟ್ಟಿತ್ತು. ಹಂಪಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಲು ಹೋದೆ. ನೂಕುನುಗ್ಗಲಾಗಿ ಪುಟ್ಟ ಹುಡುಗಿಯೊಬ್ಬಳು ಬಿದ್ದು ಮೊಣಕಾಲು ತರಚಿಕೊಂಡಳು. ಅಂದೇ ಬಿಟ್ಟೆ. ಆಮೇಲೆ ಫೋಟೋ ತೆಗೆದು ಅಂಚೆಯಲ್ಲಿ ಕಳಿಸತೊಡಗಿದೆ. ನಲವತ್ತು ಲಕೋಟೆಗಳಲ್ಲಿ ಹತ್ತು ಹನ್ನೆರಡು ಹಿಂದಿರುಗಿದವು. ಮಾತು ಕೊಟ್ಟು ತಪ್ಪಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಕೊಡುವುದಾದರೆ ನಿಂತಲ್ಲೇ ಕೊಡಬೇಕು ಎಂದು ಆಗ ನಿಶ್ಚಯಿಸಿದೆ.

ಸ್ಥಳದಲ್ಲೇ ಚಿತ್ರ ಮೂಡುವ ಫಿಲ್ಮ್ ಕ್ಯಾಮೆರಾ ಒಂದೇ ಪ್ರವಾಸದಲ್ಲಿ ಬೇಸರ ತಂದಿತು. ಬಾದಾಮಿಯ ಏಪ್ರಿಲ್ ಬಿಸಿಲಿಗೆ ಬಣ್ಣ ಕೆಟ್ಟಿತು, ಒಂದೊಂದಕ್ಕೂ 50 ರೂಪಾಯಿಯ ಹತ್ತಿರ ಬಿತ್ತು. ಚಿತ್ರವೋ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ವಯಸ್ಸಾದವರಿಗೆ ತಮ್ಮ ಮುಖವೇ ಕಾಣದು.

ಕಡೆಗೆ ಹಳೆಯದೊಂದು ಡೈ-ಸಬ್ಲಿಮೇಷನ್ ಪ್ರಿಂಟರನ್ನು, ಅಂದರೆ ಬಣ್ಣದ ಪಟ್ಟಿಯನ್ನು ಕಾಯಿಸಿ ಹಾಳೆಗೆ ಒಂದೊಂದೇ ಬಣ್ಣ ಇಳಿಸುವ ಯಂತ್ರವನ್ನು, ಆರು ಸಾವಿರ ಚಿಲ್ಲರೆಗೆ ಕೊಂಡೆ. ಬ್ಯಾಟರಿಗೆ ಬೇರೆ ಮೂರೂವರೆ ಸಾವಿರ. ಪೋಸ್ಟ್‌ಕಾರ್ಡ್ ಅಳತೆಯ ಫೋಟೋಗೆ ಈಗ 20–22 ರೂಪಾಯಿ ಬೀಳುತ್ತದೆ. ಧೂಳೇ ಇದರ ವೈರಿ: ಹಾಳೆಯ ಮೇಲೆ ಒಂದು ಕಣ ಕೂತರೂ ಮುಖದ ನಡುವೆ ಬಿಳಿ ಚುಕ್ಕೆ. ಐಹೊಳೆಯಲ್ಲಿ ಒಂದೇ ಮಧ್ಯಾಹ್ನ ಹದಿನೈದು ಹಾಳೆ ಕಳೆದುಕೊಂಡೆ. ಈಗ ನಾನೇ ಹೊಲಿದ ಬಟ್ಟೆಯ ಗೂಡೊಂದಿದೆ. ಅದರ ಒಳಗಿನ ಏರ್ಪಾಟನ್ನು ಸದ್ಯಕ್ಕೆ ಹೇಳುವುದಿಲ್ಲ.

ಜತೆಯಲ್ಲೇ ನಡೆದ ಇನ್ನೊಂದು ಪ್ರಯೋಗ ಚಿಲ್ಲರೆಯದು. ಬಸ್ಸಿನಲ್ಲಿ ನಿರ್ವಾಹಕರು ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಮರೆತು ಹೋಗುವವರಿದ್ದಾರೆ. 300 ರೂಪಾಯಿಯಷ್ಟು ಚಿಲ್ಲರೆ ಕಟ್ಟಿಕೊಂಡು ಹೊರಡುತ್ತೇನೆ, ಅಕ್ಕಪಕ್ಕದವರ ನೋಟು ಮುರಿದುಕೊಡುತ್ತೇನೆ. ಪೈಸೆಯ ಖರ್ಚಿಲ್ಲ. ಗದಗದಿಂದ ಬಾದಾಮಿಗೆ ಹೋಗುವಷ್ಟರಲ್ಲಿ ಅರ್ಧ ಬಸ್ಸು ಪರಿಚಯವಾಗಿರುತ್ತದೆ.

ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಜೋಳದ ರೊಟ್ಟಿ, ಚಟ್ನಿ, ಗಟ್ಟಿ ಮೊಸರು ಮಾರುವ ಹೆಂಗಸರನ್ನು ಅಲ್ಲಿಗೆ ಹೋದವರೆಲ್ಲ ಕಂಡಿರುತ್ತಾರೆ, ಅವರ ಚಿತ್ರವನ್ನೂ ತೆಗೆದಿರುತ್ತಾರೆ. ಅದರಲ್ಲಿ ಎಷ್ಟು ಅವರ ಕೈ ಸೇರಿವೆ? ನಾನು ಮೊದಲು ಉಣ್ಣುತ್ತೇನೆ, ಹಣ ಕೊಡುತ್ತೇನೆ, ಆಮೇಲೆ ಕೇಳುತ್ತೇನೆ. ಅಂದು ಅಜ್ಜಿಯೊಬ್ಬರು ‘ತೆಗಿಯಪ್ಪಾ’ ಎಂದು ಸೆರಗು ಸರಿಮಾಡಿಕೊಂಡು ನಿಂತರು. ಹಾಳೆ ಮೊದಲ ಸಲ ಹೊರಬಂದಾಗ ಬರೀ ಹಳದಿ ನೆರಳು. ಎರಡನೆಯ ಸಲ ಕೆಂಪು ಕೂಡಿತು. ಮೂರನೆಯ ಸಲ ನೀಲಿ ಬೆರೆತದ್ದೇ ಇಳಕಲ್ ಸೀರೆಯ ದಡಿ ಎದ್ದು ಕಂಡಿತು. ಕೊನೆಯ ಸಲ ಮೇಲಿನ ತೆಳು ಹೊದಿಕೆ ಕೂತು ಹಾಳೆ ಹೊಳೆಯಿತು. ಅಜ್ಜಿ ಕೈಯನ್ನು ಎರಡು ಬಾರಿ ಒರೆಸಿಕೊಂಡು, ಅಂಚನ್ನಷ್ಟೇ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ ಪಕ್ಕದ ಬುಟ್ಟಿಯಾಕೆಯನ್ನು ಕರೆದು, ಇಬ್ಬರದೂ ಒಂದು ತೆಗೆಯಲು ಹೇಳಿದರು. ಮೂವತ್ತು ವರ್ಷಗಳಿಂದ ಒಟ್ಟಿಗೆ ಬುಟ್ಟಿ ಹೊತ್ತವರಂತೆ, ಜತೆಗಿರುವ ಚಿತ್ರ ಒಂದೂ ಇರಲಿಲ್ಲ.

ಇಬ್ಬರ ಆ ಚಿತ್ರಕ್ಕೆ ಬಳಸಿದ್ದೇ ನನ್ನ ಕಡೆಯ ಹಾಳೆ. ಅಜ್ಜಿಯ ಗೆಳತಿಗೆ ಇನ್ನೊಂದು ಪ್ರತಿ ಕೊಡಲಾಗಲಿಲ್ಲ. ಈ ಬನದ ಹುಣ್ಣಿಮೆಯ ಜಾತ್ರೆಗೆ 108 ಹಾಳೆಗಳ ಎರಡು ಪೊಟ್ಟಣ ಕಟ್ಟಿಟ್ಟಿದ್ದೇನೆ. ಬಸ್ಸಿಳಿದ ಕೂಡಲೇ ಮೊದಲು ಅವರನ್ನು ಹುಡುಕಬೇಕು.